ರೆಕ್ಕೆ ನೋಡಲು ಡೇಟನ್‌ಗೆ

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಿಂದ ಡೇಟನ್‌ಗೆ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಅಲ್ಲಿನ ಅಮೆರಿಕನ್ ವಾಯುಪಡೆ ಮ್ಯೂಸಿಯಂಗೆ ಟಿಕೆಟ್ ಇಲ್ಲ. ಊರಿಂದ ಬಂದಿದ್ದ ಅಕ್ಕ, ಭಾವನನ್ನು ಕರೆದುಕೊಂಡು ಬೆಳಿಗ್ಗೆಯೇ ಹೊರಟೆ. ಭಾವ ನಮ್ಮ ಏರ್‌ಫೋರ್ಸ್‌ನಲ್ಲಿ ಮೆಕ್ಯಾನಿಕ್ ಆಗಿದ್ದವರು. ಯೂನಿಫಾರ್ಮ್ ಹಾಕಿದ ಯಾರ ಫೋಟೋ ಕಂಡರೂ ಮುಖ ಬಿಟ್ಟು ಎದೆ ನೋಡುತ್ತಾರೆ, ಅಲ್ಲಿ ಪೈಲಟ್‌ಗಳು ಹಾಕುವ ರೆಕ್ಕೆ ಆಕಾರದ ಬ್ಯಾಡ್ಜ್‌ಗಾಗಿ.

"ನೋಡಯ್ಯ, ಬೆಳ್ಳಿ ರೆಕ್ಕೆ, ನಡುವೆ ಗುರಾಣಿ. ಇವನು ವಾಯುಪಡೆ. ನೌಕಾಪಡೆಯವನಾದ್ರೆ ರೆಕ್ಕೆ ಚಿನ್ನದ ಬಣ್ಣ, ಗುರಾಣಿ ಹಿಂದೆ ಲಂಗರು ಇರುತ್ತೆ."

ವಾಯುಪಡೆಯ ರೆಕ್ಕೆಯಲ್ಲಿ ಗುರಾಣಿಯ ಮೇಲೆ ಬರೀ ನಕ್ಷತ್ರ ಇದ್ದರೆ ಸೀನಿಯರ್ ಪೈಲಟ್. ಸುತ್ತ ಎಲೆಗಳ ಹಾರವೂ ಇದ್ದರೆ ಕಮಾಂಡ್ ಪೈಲಟ್. ಬಾಹ್ಯಾಕಾಶಕ್ಕೆ ಹೋಗಿ ಬಂದವರ ರೆಕ್ಕೆಯಲ್ಲಿ ಗುರಾಣಿಯ ಮೇಲೇ ಬಾಲವಿರುವ ಒಂದು ಚುಕ್ಕಿ ಕೂರಿಸಿದರು, ಅಷ್ಟೇ. ಮೊದಲು ಪೈಲಟ್, ಆಮೇಲೆ ಗಗನಯಾತ್ರಿ! ಅಧ್ಯಕ್ಷ ಐಸೆನ್‌ಹೋವರ್ ಅವರೇ ಮಿಲಿಟರಿ ಟೆಸ್ಟ್ ಪೈಲಟ್‌ಗಳನ್ನಷ್ಟೇ ಆರಿಸಿ ಎಂದಿದ್ದರಲ್ಲ. 1959ರ ಏಪ್ರಿಲ್‌ನಲ್ಲಿ ಬಂದ ಮೊದಲ ಏಳು ಜನರಲ್ಲಿ ವಾಯುಪಡೆಯವರು ಮೂವರು, ನೌಕಾಪಡೆಯವರು ಮೂವರು. ಉಳಿದವರು ಜಾನ್ ಗ್ಲೆನ್, ಮರೀನ್ ಪಡೆಯವರು.

"ನಮ್ಮ ಗಗನಯಾನದ ನಾಲ್ವರಿಗೆ 2024ರಲ್ಲಿ ಹೋಗೋ ಮೊದಲೇ ರೆಕ್ಕೆ ಹಾಕಿದ್ರು" ಎಂದರು ಭಾವ. ಮೆಚ್ಚಿ ಹೇಳಿದರೋ, ತಕರಾರೋ, ಗೊತ್ತಾಗಲಿಲ್ಲ.

ಕಪ್ಪು ಎಕ್ಸ್-15ರ ಮುಂದೆ ಜಾಸ್ತಿ ಹೊತ್ತು ನಿಂತೆವು. ವಿಮಾನ ಅನ್ನುವುದಕ್ಕಿಂತ ರಾಕೆಟ್ಟೇ ಸರಿ. ಮೋಟು ರೆಕ್ಕೆ, ಹಿಂದೆ ದಪ್ಪ ಬಾಲ. ದೊಡ್ಡ ಬಿ-52 ವಿಮಾನ ಇದನ್ನು ರೆಕ್ಕೆಯ ಕೆಳಗೆ ಹೊತ್ತು ಮೇಲೆ ಒಯ್ದು ಬಿಡುತ್ತಿತ್ತು. ಐವತ್ತು ಮೈಲಿ, ಅಂದರೆ ಸುಮಾರು 80 ಕಿ.ಮೀ. ದಾಟಿದರೆ ಗಗನಯಾತ್ರಿ ರೆಕ್ಕೆ ಅಂತ ವಾಯುಪಡೆ ಲೆಕ್ಕ ಹಾಕಿತ್ತು. 1962ರ ಜುಲೈನಲ್ಲಿ ಮೇಜರ್ ರಾಬರ್ಟ್ ವೈಟ್ ಎಕ್ಸ್-15ರಲ್ಲಿ ಸುಮಾರು 96 ಕಿ.ಮೀ. ಏರಿದರು, ರೆಕ್ಕೆ ಸಿಕ್ಕಿತು. ಮರುವರ್ಷ ಆಗಸ್ಟ್‌ನಲ್ಲಿ ಜೋ ವಾಕರ್ ಸುಮಾರು 108 ಕಿ.ಮೀ. ಏರಿದರು. ಸಿಗಲಿಲ್ಲ.

"ಅಯ್ಯೋ, ಇನ್ನೂ ಮೇಲೆ ಹೋದವರಿಗೇ ಇಲ್ವಾ?" ಅಂದಳು ಅಕ್ಕ.

ವಾಕರ್‌ಗೆ ಸಂಬಳ ಕೊಡುತ್ತಿದ್ದದ್ದು ನಾಸಾ. ಸಿವಿಲಿಯನ್. ಅವರ ಹೆಸರಿಗೆ ರೆಕ್ಕೆ ಬಂದದ್ದು 2005ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು 39 ವರ್ಷ. 1966ರಲ್ಲಿ ಅವರ ಎಫ್-104 ಆಕಾಶದಲ್ಲೇ ಎಕ್ಸ್‌ಬಿ-70 ಬಾಂಬರ್‌ಗೆ ತಾಗಿ ಎರಡೂ ಬಿದ್ದವು. ಆ ಬಾಂಬರ್‌ನ ಜೋಡಿ, ಇದ್ದದ್ದೇ ಎರಡು, ಈ ಮ್ಯೂಸಿಯಂನಲ್ಲೇ ಇದೆ. ಬಿಳಿ, ವಿಪರೀತ ಉದ್ದ. ಅದರ ಕೆಳಗೆ ನಡೆಯುವಾಗ ಭಾವನೂ ಮಾತಾಡಲಿಲ್ಲ.

ಚಂದ್ರನಿಗೆ ಹೋಗಿ ಬಂದ ಅಪೊಲೊ 15ರ ಕ್ಯಾಪ್ಸೂಲೂ ಇಲ್ಲಿದೆ. ಮೂವರೂ ವಾಯುಪಡೆಯವರು, ಕಮಾಂಡರ್ ಡೇವಿಡ್ ಸ್ಕಾಟ್. ವಾಪಸ್ ಬರುವಾಗ ಸುಟ್ಟ ಮೈ ಹಾಗೇ ಇದೆ.

ಮಧ್ಯಾಹ್ನ ಐ-75 ಹಿಡಿದು ಉತ್ತರಕ್ಕೆ ವಾಪಕೊನೆಟಾಗೆ ಹೋದೆವು. ನೀಲ್ ಆರ್ಮ್‌ಸ್ಟ್ರಾಂಗ್ ಹುಟ್ಟಿದ ಕಡೆ. ಸಣ್ಣ ಊರು, ಗುಮ್ಮಟದಂಥ ಮ್ಯೂಸಿಯಂ. ಒಳಗೆ ಜೆಮಿನಿ 8 ಬಾಹ್ಯಾಕಾಶ ನೌಕೆ. ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರುವಷ್ಟೇ ಜಾಗ. 1966ರ ಮಾರ್ಚ್‌ನಲ್ಲಿ ಒಂದು ಥ್ರಸ್ಟರ್, ಅಂದರೆ ನೌಕೆಯನ್ನು ತಿರುಗಿಸುವ ಪುಟ್ಟ ರಾಕೆಟ್, ಕೆಟ್ಟು, ಇದು ಸೆಕೆಂಡಿಗೊಂದು ಸುತ್ತಿನಂತೆ ಗಿರಗಿರ ತಿರುಗಿತ್ತು. ಆರ್ಮ್‌ಸ್ಟ್ರಾಂಗ್ ಹಿಡಿತಕ್ಕೆ ತಂದರು. ಪಕ್ಕದ ಸೀಟಿನಲ್ಲಿ ಇದೇ ಸ್ಕಾಟ್. ಸ್ಕಾಟ್ ವಾಯುಪಡೆಯವರು, ಬೆಳ್ಳಿ ರೆಕ್ಕೆಗೆ ಚುಕ್ಕಿ ಸೇರಿತು. ಆರ್ಮ್‌ಸ್ಟ್ರಾಂಗ್ ಕೊರಿಯಾ ಯುದ್ಧದಲ್ಲಿ ಹಾರಿದ ನೌಕಾಪಡೆ ಪೈಲಟ್ಟೇ. ಆದರೆ ನಾಸಾಕ್ಕೆ ಬಂದದ್ದು ಸಿವಿಲಿಯನ್ ಆಗಿ. ಚಂದ್ರನ ಮೇಲೆ ಕಾಲಿಟ್ಟಾಗಲೂ ಸಿವಿಲಿಯನ್. ನೌಕಾಪಡೆ ಅವರಿಗೆ ಗಗನಯಾತ್ರಿ ರೆಕ್ಕೆ ಕೊಟ್ಟದ್ದು 2010ರಲ್ಲಿ, ವಿಮಾನವಾಹಕ ನೌಕೆಯೊಂದರ ಮೇಲೆ. ನೌಕೆಯ ಹೆಸರು ಐಸೆನ್‌ಹೋವರ್! ಆಗ ಅವರಿಗೆ 79 ವರ್ಷ.

"ನನ್ನ ಪೆನ್ಷನ್ ಅರಿಯರ್ಸ್ ಇದಕ್ಕಿಂತ ಬೇಗ ಬಂತು ಬಿಡು" ಎಂದರು ಭಾವ.