ದೊಡ್ಡ ಗಡಿಯಾರದ ಅಂಕಿಗಳು, ಆಸಿಲೋಸ್ಕೋಪಿನ ಗಾಜಿನ ಮೇಲೆ

ಮೈಸೂರಿನ ದೊಡ್ಡ ಗಡಿಯಾರ ಕಟ್ಟಿದ್ದು 1927ರಲ್ಲಿ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ. ಅದರ ಮುಖದ ಮೇಲಿರುವುದು ಕನ್ನಡ ಅಂಕಿಗಳು. ಹಳೆಯ ಆಸಿಲೋಸ್ಕೋಪ್ (ವಿದ್ಯುತ್ ಅಲೆಯನ್ನು ತೆರೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಟ್ಯೂಬಿನಲ್ಲಿ ಗಡಿಯಾರ ಮಾಡಹೊರಟವರು ಒಮ್ಮೆ ಅದರ ಕೆಳಗೆ ನಿಂತು ಆ ಅಂಕಿಗಳ ಬಳುಕನ್ನು ನೋಡಬೇಕು. ಇಂಗ್ಲಿಷ್ ಅಂಕಿಗಳಿಗಿಂತ ನಮ್ಮ ಅಂಕಿಗಳೇ ಈ ಟ್ಯೂಬಿಗೆ ಹೆಚ್ಚು ಒಗ್ಗುತ್ತವೆ. ಇದು ಭಾಷಾಭಿಮಾನಕ್ಕೆ ಹೇಳುವ ಮಾತಲ್ಲ, ಸರ್ಕ್ಯೂಟಿನ ಗುಣ.

ಕಾರಣ ಸರಳ. ಈ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣವೇ ಲೇಖನಿ. 4, 7, 1ರಂಥ ಅಂಕಿಗಳಲ್ಲಿ ಚೂಪು ಮೂಲೆಗಳಿವೆ. ಮೂಲೆಯಲ್ಲಿ ಕಿರಣ ದಿಕ್ಕು ಬದಲಿಸುವಾಗ ಆಂಪ್ಲಿಫೈಯರ್ ಒಂದು ಕ್ಷಣ ತಡವರಿಸುತ್ತದೆ. ಅಷ್ಟರಲ್ಲಿ ಅಲ್ಲೊಂದು ಹೊಳೆಯುವ ಗಂಟು ಮೂಡುತ್ತದೆ, ಇಲ್ಲವೇ ಗೆರೆ ಮೂಲೆಯನ್ನು ದಾಟಿ ಹೋಗುತ್ತದೆ. 4 ಬರೆಯುವಾಗ ಸಾಮಾನ್ಯವಾಗಿ ಲೇಖನಿಯನ್ನು ಎತ್ತಿ ಇಡುತ್ತೇವೆ, ಅಂದರೆ ಕಿರಣವನ್ನು ಆರಿಸಿ ಮತ್ತೆ ಹೊತ್ತಿಸಬೇಕು. ೦ ಎಂದರೆ ಒಂದು ಪೂರ್ತಿ ವೃತ್ತ, ಅಷ್ಟೇ. ೪ ತನ್ನನ್ನೇ ದಾಟಿ ಕೆಳಗೊಂದು ಕುಣಿಕೆ ಹಾಕಿಕೊಂಡರೂ ಕೈ ಎತ್ತದೆ ಬರೆಯಬಹುದು. ಉಳಿದವೂ ಎರಡರಿಂದ ಐದು ಕಮಾನುಗಳಲ್ಲಿ ಮುಗಿಯುತ್ತವೆ.

ಮೊದಲು ಟ್ಯೂಬಿನ ವಿಚಾರ. ಹಳೆಯ ಟಿವಿಯ ಪಿಕ್ಚರ್ ಟ್ಯೂಬ್ ಇದಕ್ಕೆ ಬೇಡ. ಅದರಲ್ಲಿ ಕಿರಣವನ್ನು ಬಾಗಿಸುವುದು ಕುತ್ತಿಗೆಯ ಸುತ್ತಲಿನ ಕಾಯಿಲ್, ಮತ್ತು ಅದಕ್ಕೆ ಬೇಕಾಗುವ ವೋಲ್ಟೇಜ್ ಹತ್ತು ಸಾವಿರಕ್ಕೂ ಮೇಲೆ. ನಮಗೆ ಬೇಕಾದದ್ದು ಒಳಗೇ ಕಿರಣವನ್ನು ಬಾಗಿಸುವ ಎರಡು ಜೊತೆ ಡಿಫ್ಲೆಕ್ಷನ್ ಪ್ಲೇಟುಗಳಿರುವ ಆಸಿಲೋಸ್ಕೋಪ್ ಟ್ಯೂಬ್. ಡಿಜಿ7-32 ಕೇವಲ 500 ವೋಲ್ಟ್‌ಗೆ ಕೆಲಸ ಮಾಡುವ 7 ಸೆಂಟಿಮೀಟರ್ ಟ್ಯೂಬು, ಸಿಕ್ಕಿದರೆ ಅದೃಷ್ಟ. 3ಆರ್‌ಪಿ1 ಮೂರು ಇಂಚಿನದು, 1000 ವೋಲ್ಟ್ ಸಾಕು, ಹೀಟರ್ (ಒಳಗಿನ ಕಾಯುವ ತಂತಿ) 6.3 ವೋಲ್ಟ್, 0.6 ಆಂಪಿಯರ್. ಕೆಳಗಿನ ಲೆಕ್ಕವೆಲ್ಲ ಇದಕ್ಕೇ. ಕಾಲೇಜು ಲ್ಯಾಬುಗಳು ಹರಾಜು ಹಾಕುವ ಸ್ಕೋಪುಗಳಲ್ಲಿ ಚೌಕ ತೆರೆಯ ಟ್ಯೂಬುಗಳಿರುತ್ತವೆ. ಅವಕ್ಕೆ ಸಾಮಾನ್ಯವಾಗಿ 2000 ವೋಲ್ಟ್‌ನಷ್ಟು ಬೇಕು, ಮೊದಲ ಗಡಿಯಾರಕ್ಕೆ ಅಷ್ಟು ದೂರ ಹೋಗುವುದು ಬೇಡ.

ಗುಜರಿಯಲ್ಲಿ ಟ್ಯೂಬು ಸಿಕ್ಕಾಗ ಮೊದಲು ಒಳಗಿನ ಗೆಟರ್ (ಉಳಿದ ಗಾಳಿಯನ್ನು ಹೀರುವ ಲೇಪ) ನೋಡಿ. ಗಾಜಿನ ಒಳಮೈಯಲ್ಲಿ ಬೆಳ್ಳಿಯಂಥ, ಇಲ್ಲವೇ ಕಪ್ಪು ಕನ್ನಡಿಯಂಥ ಕಲೆ ಇದ್ದರೆ ಸರಿ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಬಿಟ್ಟುಬಿಡಿ. ಆಮೇಲೆ ಮಲ್ಟಿಮೀಟರಿನಲ್ಲಿ ಹೀಟರ್ ಪಿನ್ನುಗಳ ನಡುವೆ ಅಳೆಯಿರಿ. ತಣ್ಣಗಿರುವಾಗ ಒಂದೆರಡು ಓಮ್ ಮಾತ್ರ ತೋರಿಸುತ್ತದೆ, ಕಾದ ಮೇಲೆ ಅದೇ ಹತ್ತು ಓಮ್ ದಾಟುತ್ತದೆ. ಶಾರ್ಟ್ ಆಗಿದೆ ಎಂದು ಒಳ್ಳೆಯ ಟ್ಯೂಬನ್ನು ಎಸೆಯಬೇಡಿ. ಒಳಗೆ ನಿರ್ವಾತ ಇರುವುದರಿಂದ ಹಿಡಿಯುವಾಗ ಕನ್ನಡಕ ಬೇಕೇ ಬೇಕು. ಕುತ್ತಿಗೆ ಹಿಡಿದು ಎತ್ತಬಾರದು.

ಪವರ್ ಸಪ್ಲೈ ಈ ಕೆಲಸದ ಅರ್ಧ ಪಾಲು, ಅಪಾಯದಲ್ಲಿ ಮುಕ್ಕಾಲು ಪಾಲು. ಡಿಫ್ಲೆಕ್ಷನ್ ಪ್ಲೇಟುಗಳನ್ನು ಗ್ರೌಂಡಿನ ಹತ್ತಿರ ಇಟ್ಟುಕೊಳ್ಳಬೇಕಾದ್ದರಿಂದ ಎಲೆಕ್ಟ್ರಾನ್ ಹೊರಡುವ ಕ್ಯಾಥೋಡನ್ನು ಮೈನಸ್ ಸಾವಿರಕ್ಕೆ ಇಳಿಸುತ್ತೇವೆ. 10 ವಿಎ ಆಸುಪಾಸಿನ 230-12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಎರಡನ್ನು ಬೆನ್ನಿಗೆ ಬೆನ್ನು ಜೋಡಿಸಿ. ಮೊದಲನೆಯದರ 12 ವೋಲ್ಟ್ ಸುರುಳಿಯಿಂದ ಎರಡನೆಯದರ 12 ವೋಲ್ಟ್ ಸುರುಳಿಗೆ. ನಷ್ಟವೆಲ್ಲ ಕಳೆದು ಆಚೆ ಬದಿಯಲ್ಲಿ ಸುಮಾರು 200 ವೋಲ್ಟ್ ಎಸಿ ಸಿಗುತ್ತದೆ, ಮನೆಯ ಲೈನಿನಿಂದ ಪೂರ್ತಿ ಬೇರ್ಪಟ್ಟದ್ದು. ಒಂದು 1ಎನ್4007 ಡಯೋಡ್ ಮತ್ತು 47 ಮೈಕ್ರೋಫ್ಯಾರಡ್, 400 ವೋಲ್ಟ್ ಕೆಪಾಸಿಟರ್ ಹಾಕಿದರೆ ಪ್ಲಸ್ 280. ಅದೇ ಸುರುಳಿಯಿಂದ ನಾಲ್ಕು ಡಯೋಡ್, ನಾಲ್ಕು 1 ಮೈಕ್ರೋಫ್ಯಾರಡ್ 630 ವೋಲ್ಟ್ ಫಿಲ್ಮ್ ಕೆಪಾಸಿಟರುಗಳ ಕ್ವಾಡ್ರುಪ್ಲರ್ (ವೋಲ್ಟೇಜನ್ನು ನಾಲ್ಕು ಪಟ್ಟು ಮಾಡುವ ಜೋಡಣೆ) ಕಟ್ಟಿದರೆ ಮೈನಸ್ 1050 ಆಸುಪಾಸು. ಇಲ್ಲಿ 0.1 ಮೈಕ್ರೋಫ್ಯಾರಡ್ ಹಾಕಿ ಕೈಸುಟ್ಟುಕೊಳ್ಳುವವರು ಬಹಳ. 50 ಹರ್ಟ್ಸ್‌ನಲ್ಲಿ, 0.4 ಮಿಲಿಆಂಪಿಯರ್ ಹೊರೆಗೆ 1 ಮೈಕ್ರೋಫ್ಯಾರಡ್ ಇದ್ದರೆ ಕುಸಿತ 56 ವೋಲ್ಟ್‌ನಷ್ಟು. ಕೆಪಾಸಿಟರ್ ಹತ್ತನೇ ಒಂದಾದರೆ ಅದೇ ಕುಸಿತ ನೂರಾರು ವೋಲ್ಟ್ ಆಗಿ ತೆರೆ ಮಂಕಾಗುತ್ತದೆ.

ಮೈನಸ್ 1050ರಿಂದ ಗ್ರೌಂಡಿಗೆ ರೆಸಿಸ್ಟರ್ ಸರಪಳಿ: ಬ್ರೈಟ್‌ನೆಸ್‌ಗೆ 220ಕೆ (ಕಿಲೋಓಮ್) ಪಾಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್), ಮೇಲೆ 390ಕೆ, ಫೋಕಸ್‌ಗೆ 470ಕೆ ಪಾಟ್, ಆಮೇಲೆ ಸಾಲಾಗಿ ನಾಲ್ಕು 390ಕೆ. ಬ್ರೈಟ್‌ನೆಸ್ ಪಾಟಿನ ಮೇಲ್ತುದಿಗೆ ಕ್ಯಾಥೋಡ್, ನಡುಪಿನ್ನಿನಿಂದ ಗ್ರಿಡ್ (ಕಿರಣದ ಹೊಳಪನ್ನು ಹೆಚ್ಚುಕಡಿಮೆ ಮಾಡುವ ಎಲೆಕ್ಟ್ರೋಡ್). ಕೊನೆಯ ನಾಲ್ಕರ ಬದಲು ಒಂದೇ 1.5 ಮೆಗಾಓಮ್ ಏಕೆ ಬೇಡ ಎಂದರೆ, ಕಾಲು ವ್ಯಾಟಿನ ರೆಸಿಸ್ಟರ್ ತಡೆಯುವುದು ಸಾಮಾನ್ಯವಾಗಿ 250 ವೋಲ್ಟ್ ಮಾತ್ರ, ಇಲ್ಲಿ ಬೀಳುವುದು 600ಕ್ಕೂ ಮೇಲೆ. ವ್ಯಾಟ್ ಲೆಕ್ಕ ಸರಿಯಿದ್ದರೂ ತಿಂಗಳು ಕಳೆದ ಮೇಲೆ ಅದು ಕೈಕೊಡುತ್ತದೆ. ಈ ಸರಪಳಿಯಿಂದ ಇನ್ನೊಂದು ಅನುಕೂಲವಿದೆ: ಸಾಮಾನ್ಯ ಮೀಟರಿನಿಂದ ಸಾವಿರ ವೋಲ್ಟ್ ಅಳೆಯುವ ಸಾಹಸ ಬೇಡ. ಗ್ರೌಂಡಿಗೆ ತಾಗಿದ 390ಕೆ ಮೇಲೆ 150 ವೋಲ್ಟ್ ಆಸುಪಾಸು ಬಂದರೆ ಒಟ್ಟು 1050 ಇದೆ ಎಂದರ್ಥ.

ಎರಡೂ ಪಾಟುಗಳು 600ರಿಂದ 1050 ವೋಲ್ಟ್‌ನ ನಡುವೆ ಕೂತಿರುತ್ತವೆ. ಲೋಹದ ಶಾಫ್ಟ್ ಬೇಡ, ಪ್ಲಾಸ್ಟಿಕ್ಕಿನದೇ ಇರಲಿ. ಪ್ಲಸ್ 280ಕ್ಕೆ ಒಂದು 470ಕೆ ಬ್ಲೀಡರ್ (ಉಳಿದ ಚಾರ್ಜ್ ಇಳಿಸುವ ರೆಸಿಸ್ಟರ್) ಹಾಕಿ, ಸ್ವಿಚ್ ಆರಿಸಿದ ಮೇಲೆ ಎರಡು ನಿಮಿಷ ಕಾಯಿರಿ, ಮೀಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ. ಒಂದು ಕೈ ಜೇಬಿನಲ್ಲಿ ಎಂಬ ಹಳೆಯ ರೇಡಿಯೋ ರಿಪೇರಿಯವರ ನಿಯಮ ಇಲ್ಲಿ ಅಕ್ಷರಶಃ ಪಾಲಿಸಬೇಕಾದದ್ದು. ಮೊದಲ ಸಲ ಕರೆಂಟ್ ಕೊಡುವಾಗ ಟ್ಯೂಬು ಹಾಕಿರಬಾರದು, ಲೈನಿನಲ್ಲಿ 60 ವ್ಯಾಟಿನ ಸೀರೀಸ್ ಬಲ್ಬ್ ಇರಬೇಕು.

ಹೀಟರನ್ನು ಕ್ಯಾಥೋಡಿಗೇ ಕಟ್ಟುವುದರಿಂದ ಅದರ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯೂ ಮೈನಸ್ ಸಾವಿರದಲ್ಲಿ ತೇಲುತ್ತದೆ. ಪ್ರೈಮರಿಯ ಮೇಲೆಯೇ ಸೆಕೆಂಡರಿ ಸುತ್ತಿದ ಅಗ್ಗದ ಟ್ರಾನ್ಸ್‌ಫಾರ್ಮರ್ ವರ್ಷಾನುಗಟ್ಟಲೆ ಇದನ್ನು ತಡೆಯುವುದಿಲ್ಲ. ಎರಡು ಅಂಕಣದ ಬಾಬಿನ್ ಬೇಕು. ಮಂಡ್ಯದ ಕಡೆ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿಗಳಿಗೆ ಕೊರತೆಯಿಲ್ಲ. ಪ್ರೈಮರಿ ಒಂದು ಅಂಕಣದಲ್ಲಿ, 9 ವೋಲ್ಟ್ 1.5 ಆಂಪಿಯರ್ ಸೆಕೆಂಡರಿ ಇನ್ನೊಂದರಲ್ಲಿ, ನಡುವೆ ಪಾಲಿಯೆಸ್ಟರ್ ಹಾಳೆ, ಮೇಲೆ ವಾರ್ನಿಷ್ ಎಂದು ಬರೆದುಕೊಟ್ಟರೆ ಸುತ್ತಿಕೊಡುತ್ತಾರೆ. 6.3 ಬದಲು 9 ಏಕೆ? ತ್ರೀ ಫೇಸ್ ಬಂದ ಹೊತ್ತಿಗೆ ಊರಿನ ಪಂಪುಗಳೆಲ್ಲ ಒಟ್ಟಿಗೆ ಓಡಿದರೆ ಮನೆಯ ವೋಲ್ಟೇಜ್ ಕುಸಿಯುತ್ತದೆ, ಹೀಟರ್ ಮಾತ್ರ ಶೇಕಡಾ 10ಕ್ಕಿಂತ ಹೆಚ್ಚು ಏರುಪೇರು ಸಹಿಸುವುದಿಲ್ಲ. ಬ್ರಿಡ್ಜ್, 4700 ಮೈಕ್ರೋಫ್ಯಾರಡ್, ಆಮೇಲೆ ಎಲ್‌ಎಂ317 ರೆಗ್ಯುಲೇಟರಿಗೆ 240 ಓಮ್ ಮತ್ತು 966 ಓಮ್ (910 ಜೊತೆ 56) ಹಾಕಿದರೆ 6.28 ವೋಲ್ಟ್ ಸ್ಥಿರ, ಲೈನು 200ಕ್ಕೆ ಇಳಿದರೂ ಸರಿ. ಆ ಐಸಿಯ ಹೀಟ್‌ಸಿಂಕೂ ಮೈನಸ್ ಸಾವಿರದಲ್ಲಿದೆ ಎಂಬುದನ್ನು ಮರೆತು ಮುಟ್ಟಿದರೆ ಜೀವಕ್ಕೇ ಅಪಾಯ. ಅದರ ಸುತ್ತ ಅಕ್ರಿಲಿಕ್ ಗೂಡು ಕಟ್ಟಿ.

ಡಿಫ್ಲೆಕ್ಷನ್ ಆಂಪ್ಲಿಫೈಯರ್ ಪ್ರತಿ ದಿಕ್ಕಿಗೆ ಎರಡು ಎಂಪಿಎಸ್‌ಎ42 ಟ್ರಾನ್ಸಿಸ್ಟರ್. ಕಲೆಕ್ಟರಿಗೆ 100ಕೆ, 1 ವ್ಯಾಟ್, ಪ್ಲಸ್ 280ಕ್ಕೆ. ಎಮಿಟರುಗಳಿಂದ ಕಡಿಮೆ ಸೂಕ್ಷ್ಮತೆಯ ಪ್ಲೇಟುಗಳಿಗಾದರೆ ತಲಾ 1.5ಕೆ, ಇನ್ನೊಂದು ಜೊತೆಗೆ ತಲಾ 2.2ಕೆ, ಎರಡೂ ಸೇರುವಲ್ಲಿಂದ 4.7ಕೆ ಮೈನಸ್ 12ಕ್ಕೆ. (ಆ ಮೈನಸ್ 12 ನಡುವಿನ 12 ವೋಲ್ಟ್ ಸುರುಳಿಯಿಂದಲೇ, ಒಂದು ಡಯೋಡ್, ಕೆಪಾಸಿಟರ್ ಮತ್ತು 7912 ರೆಗ್ಯುಲೇಟರ್ ಹಾಕಿ.) ಒಂದು ಬೇಸಿಗೆ ಡಿಎಸಿಯಿಂದ (ಸಂಖ್ಯೆಯನ್ನು ವೋಲ್ಟೇಜ್ ಮಾಡುವ ಐಸಿ) 0-4 ವೋಲ್ಟ್, ಇನ್ನೊಂದಕ್ಕೆ ಸ್ಥಿರ 2.05 ವೋಲ್ಟ್. ತೆರೆಯ ಮೂರು ಇಂಚೂ ತುಂಬಲು ಇಷ್ಟು ಸಾಕು. ಟ್ಯೂಬಿನ ಕೊನೆಯ ಆನೋಡನ್ನು ನೇರ ಗ್ರೌಂಡಿಗೆ ಕಟ್ಟಬೇಡಿ. ಪ್ಲೇಟುಗಳ ಸರಾಸರಿ ವೋಲ್ಟೇಜಿಗೆ ಸಮ ಮಾಡಲು ಒಂದು ಪಾಟ್ ಇಡಿ. ಇಲ್ಲದಿದ್ದರೆ ಚುಕ್ಕೆ ಮೊಟ್ಟೆಯಾಕಾರಕ್ಕೆ ತಿರುಗಿ, ಅಡ್ಡಗೆರೆ ಚೂಪಾದಾಗ ಉದ್ದಗೆರೆ ಮಸುಕು, ಉದ್ದಗೆರೆ ಚೂಪಾದಾಗ ಅಡ್ಡಗೆರೆ ಮಸುಕು. ಫೋಕಸ್ ಎಷ್ಟು ತಿರುಗಿಸಿದರೂ ಅದು ಹೋಗುವುದಿಲ್ಲ.

ಬರೆಯುವ ಕೆಲಸಕ್ಕೆ ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಮತ್ತು 12 ಬಿಟ್‌ನ ಎಂಸಿಪಿ4922 ಡಿಎಸಿ. ಇಎಸ್‌ಪಿ32ರ ಒಳಗಿನ 8 ಬಿಟ್ ಡಿಎಸಿಯಲ್ಲಿ ಕಮಾನು ಗರಗಸದಂತೆ ಕಾಣುತ್ತದೆ, ಅಂಕಿಯ ಚೆಂದವೇ ಹೋಗುತ್ತದೆ. 5 ವೋಲ್ಟ್‌ನಲ್ಲಿ ಓಡುವ 4922ಕ್ಕೆ ಒಳಬರುವ ಸಿಗ್ನಲ್ 3.5 ವೋಲ್ಟ್ ಇರಬೇಕು, ಇಎಸ್‌ಪಿ32 ಕೊಡುವುದು 3.3. ಮೇಜಿನ ಮೇಲೆ ಸರಿಯಾಗಿ ಓಡಿದ್ದು ಪೆಟ್ಟಿಗೆಯೊಳಗೆ ಬಿಸಿಯಾದ ಮೇಲೆ ಚೆಲ್ಲಾಪಿಲ್ಲಿ ಗೆರೆ ಎಳೆಯುವುದು ಇದರಿಂದಲೇ. ನಡುವೆ ಒಂದು 74ಎಚ್‌ಸಿಟಿ125 ಬಫರ್ ಹಾಕಿ. ಎಕ್ಸ್, ವೈ ಎರಡೂ ಬರೆದ ಮೇಲೆ ಎರಡೂ ಒಟ್ಟಿಗೆ ಬದಲಾಗುವಂತೆ 4922ರ ಎಲ್‌ಡಿಎಸಿ ಪಿನ್ನಿನ ವೋಲ್ಟೇಜನ್ನು ಒಮ್ಮೆ ಕೆಳಕ್ಕೆ ಎಳೆಯಬೇಕು. ಒಂದೊಂದಾಗಿ ಬದಲಾದರೆ ಓರೆಗೆರೆಗಳೆಲ್ಲ ಮೆಟ್ಟಿಲಾಗುತ್ತವೆ.

ಪ್ರತಿ ಕಮಾನಿಗೆ ಆರು ಸಂಖ್ಯೆ: ಕೇಂದ್ರದ ಎಕ್ಸ್ ಮತ್ತು ವೈ, ಅಡ್ಡ ತ್ರಿಜ್ಯ, ಉದ್ದ ತ್ರಿಜ್ಯ, ಶುರುವಿನ ಕೋನ, ಕೊನೆಯ ಕೋನ. ಅಂಕಿಗೆ 60 ಬಿಂದುವಿನಂತೆ ಆರು ಅಂಕಿಗೆ 360. ಚುಕ್ಕೆಗಳೂ ಸೇರಿ 400 ಎಂದುಕೊಂಡರೆ 20 ಮಿಲಿಸೆಕೆಂಡಿನ ಒಂದು ಸುತ್ತಿನಲ್ಲಿ ಬಿಂದುವಿಗೆ 50 ಮೈಕ್ರೋಸೆಕೆಂಡ್ ಸಿಗುತ್ತದೆ, ಧಾರಾಳ. ಬಿಂದುಗಳನ್ನು ಕೋನದ ಲೆಕ್ಕದಲ್ಲಿ ಹಂಚಬೇಡಿ, ಗೆರೆಯ ಉದ್ದದ ಲೆಕ್ಕದಲ್ಲಿ ಹಂಚಿ. ಇಲ್ಲದಿದ್ದರೆ ಸಣ್ಣ ಕುಣಿಕೆ ಉರಿಯುತ್ತದೆ, ದೊಡ್ಡ ಕಮಾನು ಮಂಕಾಗುತ್ತದೆ. ೨, ೩, ೬ ಹತ್ತಡಿ ದೂರದಿಂದ ಒಂದೇ ಥರ ಕಾಣುವ ಸಾಧ್ಯತೆಯಿದೆ. ಅಚ್ಚಿನ ಅಕ್ಷರವನ್ನು ಹಾಗೇ ನಕಲು ಮಾಡದೆ, ೩ ಮತ್ತು ೬ರ ಬಾಲಗಳನ್ನು ಉದ್ದ ಮಾಡಿ ಬೇರೆಬೇರೆ ದಿಕ್ಕಿಗೆ ಎಳೆಯಿರಿ.

ಅಂಕಿಯಿಂದ ಅಂಕಿಗೆ ನೆಗೆಯುವಾಗ ಕಿರಣ ಆರಬೇಕು. ಆ ಸಿಗ್ನಲ್ಲು ಗ್ರೌಂಡಿನಿಂದ ಮೈನಸ್ ಸಾವಿರಕ್ಕೆ ದಾಟಬೇಕಲ್ಲ, ಅದಕ್ಕೆ 10 ನ್ಯಾನೋಫ್ಯಾರಡ್, 3 ಕಿಲೋವೋಲ್ಟ್ ಸೆರಾಮಿಕ್ ಡಿಸ್ಕ್. ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಪಿಸಿ817ರಂಥ ಆಪ್ಟೋಕಪ್ಲರ್ ಬಹಳ ನಿಧಾನ, ಪ್ರತಿ ಅಂಕಿಗೂ ಬಾಲ ಬರುತ್ತದೆ. ಗ್ರಿಡ್ ಬದಿಯಲ್ಲಿ ಪಾಟಿನ ನಡುಪಿನ್ನಿನಿಂದ ಗ್ರಿಡ್‌ಗೆ 1 ಮೆಗಾಓಮ್, ಅದಕ್ಕೆ ಸಮಾನಾಂತರವಾಗಿ 1ಎನ್4148 ಡಯೋಡ್, ಅದರ ಕ್ಯಾಥೋಡ್ ಗ್ರಿಡ್ ಕಡೆಗೆ. ಪಾಟನ್ನು ತೆರೆ ಪೂರ್ತಿ ಆರುವಲ್ಲಿಗೆ ಇಟ್ಟು, 40 ವೋಲ್ಟ್ ಆಸುಪಾಸಿನ ಪಲ್ಸಿನಿಂದ ಮಾತ್ರ ಹೊತ್ತುವಂತೆ ಮಾಡಿ. ಆಗ ಪ್ರೋಗ್ರಾಮ್ ನಿಂತುಹೋದರೆ ಪಲ್ಸೂ ನಿಲ್ಲುತ್ತದೆ, ತೆರೆ ತಾನಾಗಿ ಕಪ್ಪಾಗುತ್ತದೆ. ಉಲ್ಟಾ ಕಟ್ಟಿದರೆ ಒಂದೇ ಚುಕ್ಕೆ ನಿಂತಲ್ಲೇ ಉರಿದು ಫಾಸ್ಫರ್ (ತೆರೆಯ ಹೊಳೆಯುವ ಲೇಪ) ಸುಟ್ಟುಹೋಗುತ್ತದೆ. ಅದಕ್ಕೆ ಮದ್ದಿಲ್ಲ. ನೆಗೆದ ಮೇಲೆ 20 ಮೈಕ್ರೋಸೆಕೆಂಡ್ ಕಾದು ಕಿರಣ ಹೊತ್ತಿಸಿ.

ಅಂಕಿಗಳು ನೀರಿನಲ್ಲಿ ತೇಲಿದಂತೆ ಅಲುಗಾಡಿದರೆ ಅದು ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ. ಟ್ರಾನ್ಸ್‌ಫಾರ್ಮರನ್ನು ಟ್ಯೂಬಿನ ಹಿಂದೆ 15 ಸೆಂಟಿಮೀಟರಿಗೂ ಆಚೆ ಇಟ್ಟು, ತಿರುಗಿಸಿ ತಿರುಗಿಸಿ ಅಲುಗಾಟ ಕಡಿಮೆಯಾಗುವ ಕೋನ ಹುಡುಕಿ. ಉಳಿದದ್ದಕ್ಕೆ ಪ್ರತಿ ಸುತ್ತನ್ನೂ ಲೈನಿನ 50 ಹರ್ಟ್ಸ್‌ನ ತಾಳಕ್ಕೇ ಶುರುವಾಗುವಂತೆ ಕಟ್ಟಿ. ವಕ್ರತೆ ಹೋಗುವುದಿಲ್ಲ, ಆದರೆ ನಿಂತಲ್ಲೇ ನಿಲ್ಲುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಸಮಯವನ್ನು ಮಾತ್ರ ಲೈನಿನಿಂದ ಎಣಿಸಬೇಡಿ. ನಮ್ಮ ವಿದ್ಯುತ್ ಜಾಲ 49.95 ಹರ್ಟ್ಸ್‌ನಲ್ಲಿ ಒಂದು ದಿನ ಓಡಿದರೆ ಗಡಿಯಾರ 86 ಸೆಕೆಂಡ್ ಹಿಂದೆ ಬೀಳುತ್ತದೆ. ಡಿಎಸ್3231 ಎಂಬ ಗಡಿಯಾರದ ಐಸಿಯ ತಪ್ಪು ವರ್ಷಕ್ಕೆ ಒಂದು ನಿಮಿಷದ ಆಸುಪಾಸು ಮಾತ್ರ. ಅದರ ಅಗ್ಗದ ಮಾಡ್ಯೂಲಿಗೆ 5 ವೋಲ್ಟ್ ಕೊಟ್ಟರೆ ಸಿಆರ್2032 ಸೆಲ್ಲನ್ನು ಚಾರ್ಜ್ ಮಾಡಲು ಹೊರಡುತ್ತದೆ, ಚಾರ್ಜ್ ಹೋಗುವ ದಾರಿಯ ಡಯೋಡನ್ನು ಕಿತ್ತುಬಿಡಿ.

ಕೊನೆಯ ಹೊಂದಾಣಿಕೆಗೆ ತೆರೆ ತುಂಬ ಒಂದೇ ಒಂದು ದೊಡ್ಡ ೦ ಬರೆಸಿ. ಅಗಲವಾಗಿ ಕಂಡರೆ ಎಕ್ಸ್ ದಿಕ್ಕಿನ ಗೇನ್ ಇಳಿಸಿ, ಉದ್ದವಾಗಿ ಕಂಡರೆ ವೈ ದಿಕ್ಕಿನದನ್ನು. ಸ್ಕೇಲ್ ಇಟ್ಟು ಎರಡೂ ಕಡೆ ಅಳತೆ ಒಂದೇ ಬಂದ ಮೇಲೆ ಒಂದು ಅಡ್ಡಗೆರೆ ಬರೆಸಿ, ಕರೆಂಟ್ ಆರಿಸಿ, ಎರಡು ನಿಮಿಷ ಕಾದು, ಟ್ಯೂಬನ್ನು ಫೆಲ್ಟ್ ಸುತ್ತಿದ ಪಟ್ಟಿಯೊಳಗೆ ಚೂರು ತಿರುಗಿಸಿ, ಮತ್ತೆ ಹಾಕಿ ನೋಡಿ. ಗೆರೆ ಮಟ್ಟವಾಗುವವರೆಗೆ ಹೀಗೆ ಮೂರು ನಾಲ್ಕು ಸಲ ಆಗುತ್ತದೆ. ಪಟ್ಟಿಯ ಸ್ಕ್ರೂ ಬಿಗಿಯುವುದು ಅದಾದ ಮೇಲೆ, ಅದೂ ಬೆರಳಿನ ಬಲದಲ್ಲಿ.