ಜಪಸರದ ಉಳಿದರ್ಧ

ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಜಪಸರ ನಿಂತುಹೋಯಿತು. ನನಗೆ ಬುದ್ಧಿ ಬಂದಾಗಿನಿಂದ ಅದು ನಿಂತದ್ದು ಅದೇ ಮೊದಲು. ಅಪ್ಪ ಕೆಲಸ ಮಾಡುತ್ತಿದ್ದ ಹತ್ತಿ ಗಿರಣಿ ಮುಚ್ಚಿ, ಮನೆಯಲ್ಲಿ ದುಡ್ಡಿಗೆ ತೀರಾ ಕಷ್ಟವಾದ ದಿನಗಳಲ್ಲೂ ನಿಂತಿರಲಿಲ್ಲ. ಅಪ್ಪ ಹೋದ ಮೇಲೆ ನಾನು, ಅವ್ವ ಇಬ್ಬರೇ ದಾವಣಗೆರೆಯ ಈ ಪುಟ್ಟ ಮನೆಯಲ್ಲಿ ಏಳೂವರೆಗೆ ಚಾಪೆ ಹಾಸಿ ಕೂರುತ್ತಿದ್ದೆವು.

ಜಪಸರ ಗೊತ್ತಿಲ್ಲದವರಿಗೆ ಒಂದು ಮಾತು. ಕಥೋಲಿಕ ಕ್ರೈಸ್ತರಾದ ನಾವು ಮಣಿಸರ ಹಿಡಿದು, ಒಂದೊಂದೇ ಮಣಿ ಸರಿಸುತ್ತಾ ಯೇಸು ಸ್ವಾಮಿಯ ತಾಯಿ ಮರಿಯಾ ಮಾತೆಯನ್ನು ನೆನೆದು ಮಾಡುವ ಪ್ರಾರ್ಥನೆ ಅದು. 'ನಮೋ ಮರಿಯಾ' ಅನ್ನುವ ಪ್ರಾರ್ಥನೆ ಅದರಲ್ಲಿ 53 ಸಲ ಬರುತ್ತದೆ. ಮೊದಲು ಮೂರು, ಆಮೇಲೆ ಹತ್ತು ಹತ್ತರ ಐದು ಸುತ್ತು. ಜೊತೆಯಲ್ಲಿ ಕೂತು ಹೇಳುವಾಗ ಈ ಪ್ರಾರ್ಥನೆಯನ್ನು ಅರ್ಧರ್ಧ ಹಂಚಿಕೊಳ್ಳುತ್ತೇವೆ. ಮೊದಲರ್ಧ ಒಬ್ಬರು ಹೇಳಿದರೆ, ಉಳಿದರ್ಧ ಮಿಕ್ಕವರು. ನಮ್ಮ ಮನೆಯಲ್ಲಿ ಮೊದಲರ್ಧ ನಂದು, ಉಳಿದರ್ಧ ಅವ್ವಂದು. ಈಗಲೂ, ನಮ್ಮ ಮರಣದ ಸಮಯದಲ್ಲೂ ನಮಗಾಗಿ ಬೇಡಿಕೊಳ್ಳಿ ಅಂತ ಮಾತೆಯನ್ನು ಕೇಳುವುದು ಆ ಉಳಿದರ್ಧದಲ್ಲೇ.

ಜುಲೈಯಲ್ಲಿ ಅವ್ವನಿಗೆ ಹುಷಾರು ತಪ್ಪಿತು. ಪ್ರತಿ ವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ದೇವಾಲಯಕ್ಕೆ ನಡೆದೇ ಹೋಗುತ್ತಿದ್ದ ಹೆಂಗಸು. ಹದಿನಾಲ್ಕು ಕಿಲೋಮೀಟರು, ಚಪ್ಪಲಿ ಇಲ್ಲದೆ. 'ಈ ಸಲದ ಹಬ್ಬಕ್ಕೆ ಕರೆಸ್ಕೋ ತಾಯಿ' ಅಂತ ಆಸ್ಪತ್ರೆಯ ಮಂಚದ ಮೇಲೆ ಮಲಗಿಯೂ ಕೇಳುತ್ತಿದ್ದಳು. ನಾನೂ ಕೇಳಿದೆ. ಅಷ್ಟು ಗಟ್ಟಿಯಾಗಿ ಹಿಂದೆಂದೂ ಏನನ್ನೂ ಕೇಳಿರಲಿಲ್ಲ. ಆಗಸ್ಟ್ ಮುಗಿಯುವ ಮೊದಲೇ ಅವ್ವ ಹೋದಳು.

ಮಣ್ಣು ಮಾಡಿ ಬಂದ ರಾತ್ರಿ ಚಾಪೆ ಹಾಸಿ ಕೂತೆ. ಮೊದಲರ್ಧ ಹೇಳಿ, ಅಭ್ಯಾಸ ಬಲದಿಂದ ಸುಮ್ಮನಾದೆ. ಆ ಕಡೆಯಿಂದ ಏನೂ ಬರಲಿಲ್ಲ. ಜಪಸರವನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಭಾನುವಾರದ ಪೂಜೆಗೂ ಹೋಗಲಿಲ್ಲ. ದೇವರ ಮೇಲೆ ಸಿಟ್ಟಿತ್ತು, ನಿಜ. ಸಿಟ್ಟಿಗಿಂತ ಜಾಸ್ತಿ ಕಾಡಿದ್ದು ಆ ಮೌನ.

ಅಕ್ಟೋಬರ್ ನಮಗೆ ಜಪಸರದ ತಿಂಗಳು. ಮಾತೆಯ ಪ್ರತಿಮೆಯನ್ನು ದಿನಕ್ಕೊಂದು ಮನೆಗೆ ಒಯ್ದು, ಅಲ್ಲಿ ಎಲ್ಲರೂ ಕೂಡಿ ಪ್ರಾರ್ಥನೆ ಮಾಡುತ್ತಾರೆ. ನಮ್ಮ ಕಡೆ ಕ್ರೈಸ್ತರ ಮನೆ ಕಡಿಮೆ. ಈ ಬೀದಿಗೊಂದು, ಆ ಬೀದಿಗೆರಡು. ಹಾಗಾಗಿ ಯಾರ ಮನೆಯನ್ನೂ ಬಿಡುವ ಹಾಗಿಲ್ಲ. ಒಂದು ಗುರುವಾರ ಸಂಜೆ ಹಿಂದಿನ ಬೀದಿಯ ಆಂಟಿ ಬಾಗಿಲಿಗೆ ಬಂದರು.

'ನಾಳೆ ಮಾತೆ ನಿಮ್ಮನಿಗೆ ಬರ್ತಾಳಪ್ಪ.'

'ಈ ವರ್ಷ ಬೇಡ ಆಂಟಿ. ನನ್ ಕೈಲಿ ಆಗಲ್ಲ.'

'ಆಗ್ದಿದ್ರೆ ಸುಮ್ನೆ ಕುಂತ್ಕ. ನಾವು ಹೇಳ್ತೀವಿ.'

ಅಷ್ಟೇ ಹೇಳಿ ಹೋದರು. ಯಾಕೆ ಚರ್ಚಿಗೆ ಬರ್ತಿಲ್ಲ ಅಂತ ಒಂದು ಮಾತೂ ಕೇಳಲಿಲ್ಲ.

ಶುಕ್ರವಾರ ಹದಿನೈದು ಹದಿನಾರು ಜನ ಬಂದರು. ನಮ್ಮ ಪಡಸಾಲೆಯಲ್ಲಿ ಅಷ್ಟು ಜನ ಹಿಡಿಸುವುದಿಲ್ಲ. ಮಕ್ಕಳು ಹೊಸ್ತಿಲ ಮೇಲೆ ಕೂತರು. ಯಾರೋ ಹೂವು ತಂದಿದ್ದರು, ಯಾರೋ ಮೇಣದಬತ್ತಿ. ಜಪಸರದ ಒಂದೊಂದು ಸುತ್ತಿಗೂ ಯೇಸು, ಮಾತೆಯರ ಬದುಕಿನ ಒಂದು ಘಟನೆಯನ್ನು ನೆನೆಯುತ್ತೇವೆ, ಅದಕ್ಕೆ ರಹಸ್ಯ ಅನ್ನುತ್ತೇವೆ. ಶುಕ್ರವಾರವಾದ್ದರಿಂದ ದುಃಖದ ರಹಸ್ಯಗಳು. ಮೊದಲನೆಯದು ಗೆತ್ಸೆಮನೆ ತೋಟದಲ್ಲಿ ಯೇಸು ಸ್ವಾಮಿ ಸಂಕಟಪಟ್ಟ ರಾತ್ರಿ. ಸಾವಿರ ಸಲ ಕೇಳಿದ ಕತೆ. ಅವತ್ತು ಬೇರೆ ಥರ ಕೇಳಿಸಿತು. ನಾಳೆ ಸಾಯಬೇಕು ಅಂತ ಗೊತ್ತಿದ್ದ ಆ ರಾತ್ರಿ ಸ್ವಾಮಿ ಒಬ್ಬರೇ ಹೋಗಲಿಲ್ಲ. ಶಿಷ್ಯರಾದ ಪೇತ್ರ, ಯಾಕೋಬ, ಯೊವಾನ್ನ ಮೂವರನ್ನೂ ಕರೆದುಕೊಂಡು ಹೋದರು. ನನ್ನ ಜೊತೆ ಎಚ್ಚರವಾಗಿರಿ ಅಂತ ಕೇಳಿಕೊಂಡರು. ವಿಶ್ವಾಸ ಗಟ್ಟಿಯಿದ್ದವನು ಒಬ್ಬನೇ ನಿಲ್ಲಬಲ್ಲ, ನಂದು ಗಟ್ಟಿಯಿಲ್ಲ, ಅದಕ್ಕೇ ಬಿದ್ದೆ ಅಂತ ನಾನು ಎರಡು ತಿಂಗಳಿಂದ ಅಂದುಕೊಂಡಿದ್ದೆ. ದೇವರ ಮಗನೇ ಜೊತೆ ಬೇಡಿದ್ದಾರೆ, ಅಲ್ವಾ? ಆ ಮೂವರಾದರೂ ನಿದ್ದೆ ಹೋದರು. ನನ್ನ ಪಡಸಾಲೆಯಲ್ಲಿ, ಇಡೀ ದಿನ ದುಡಿದು ಬಂದವರು, ಒಬ್ಬರೂ ತೂಕಡಿಸುತ್ತಿರಲಿಲ್ಲ.

ಒಂದೊಂದು ಸುತ್ತನ್ನು ಒಬ್ಬೊಬ್ಬರು ನಡೆಸಿದರು. ಐದನೆಯದು ಬಂದಾಗ ಎಲ್ಲರೂ ನಿಲ್ಲಿಸಿದರು. ಯಾರೂ ನನ್ನ ಮುಖ ನೋಡಲಿಲ್ಲ. ಆದರೂ ಅದು ನನಗೆ ಬಿಟ್ಟದ್ದು ಅಂತ ಗೊತ್ತಾಯಿತು. ಶಿಲುಬೆಯ ರಹಸ್ಯ. ಅಲ್ಲಿ ಮಗ ಸಾಯುವುದನ್ನು ನೋಡುತ್ತಾ ತಾಯಿ ನಿಂತಿದ್ದಾಳೆ. ನಾನು ಆಸ್ಪತ್ರೆಯಲ್ಲಿ ತಾಯಿಯ ಮಂಚದ ಪಕ್ಕ ನಿಂತಿದ್ದೆ.

ಶುರು ಮಾಡಿದೆ. ಮೂರು ಮಣಿ ದಾಟಿತು. ನಾಲ್ಕನೆಯದರಲ್ಲಿ 'ನಮೋ' ಅಂದವನಿಗೆ ಗಂಟಲು ಕಟ್ಟಿಕೊಂಡಿತು. ಮುಂದಿನ ಮಾತು ಬರಲೇ ಇಲ್ಲ. ಕ್ಷಣ ಹೊತ್ತು ಮೇಣದಬತ್ತಿ ಉರಿಯುವ ಸದ್ದು ಕೇಳಿಸುವಷ್ಟು ಮೌನ. ಆಮೇಲೆ ಆಂಟಿ ನಾನು ಬಿಟ್ಟಲ್ಲಿಂದ ಎತ್ತಿಕೊಂಡು ಮೊದಲರ್ಧ ಮುಗಿಸಿದರು. ಉಳಿದರ್ಧ ಎಲ್ಲರೂ ಹೇಳಿದರು. ಹೊಸ್ತಿಲ ಮೇಲಿನ ಮಕ್ಕಳ ದನಿಯೂ ಅದರಲ್ಲಿತ್ತು. ಅವ್ವನ ಜಾಗದಿಂದ ಅಷ್ಟೊಂದು ದನಿ. ನಾನು ಅಳುತ್ತಾ ಮಣಿ ಮಾತ್ರ ಸರಿಸಿದೆ. ಎಂಟನೇ ಮಣಿಗೆ ದನಿ ಬಂತು. ಕೊನೆಯ ಎರಡನ್ನು ನಾನೇ ಹೇಳಿದೆ.

ಆಮೇಲೆ ಸ್ಟೀಲ್ ಡಬ್ಬಿಗಳು ತೆರೆದವು. ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಫ್ಲಾಸ್ಕಿನಲ್ಲಿ ಚಹಾ. ಸಾವಿನ ಮನೆ, ಪಾಪ ಒಬ್ಬನೇ ಹುಡುಗ, ಒಲೆ ಹಚ್ಚಿಸಬಾರದು ಅಂತ ಎಲ್ಲವನ್ನೂ ತಂದೇ ಬಂದಿದ್ದರು. ಅವ್ವ ಹರಿಹರಕ್ಕೆ ನಡೆಯುವಾಗ ದಾರಿಯುದ್ದಕ್ಕೂ ಹೇಗೆ ಎಲ್ಲರಿಗಿಂತ ಮುಂದಿರುತ್ತಿದ್ದಳು ಅಂತ ಒಬ್ಬರು ನೆನೆದರು. ನಾನು ನಕ್ಕೆ. ಆ ಮನೆಯಲ್ಲಿ ನಕ್ಕು ಎಷ್ಟೋ ದಿನವಾಗಿತ್ತು.

ರಾತ್ರಿ ಮಾತೆ ನಮ್ಮಲ್ಲೇ ಇದ್ದಳು. ಮರುದಿನ ಪ್ರತಿಮೆಯನ್ನು ಮುಂದಿನ ಮನೆಗೆ ಮುಟ್ಟಿಸುವ ಕೆಲಸ ನನ್ನದು. ಅಲ್ಲಿ ಒಬ್ಬ ತಾತ. ಉಬ್ಬಸದಿಂದ ತಿಂಗಳಾನುಗಟ್ಟಲೆ ಮಂಚ ಹಿಡಿದಿದ್ದರು. ತಮ್ಮ ಮನೆಗೆ ಮಾತೆ ಬಂದಿದ್ದಾಳೆ, ಮೊದಲ ಸುತ್ತು ತಾನೇ ನಡೆಸಬೇಕು ಅಂತ ಹಟ ಹಿಡಿದು ದಿಂಬಿಗೆ ಒರಗಿ ಕೂತರು. ಮೊದಲರ್ಧ ಮುಗಿಸುವಷ್ಟರಲ್ಲಿ ಉಸಿರು ಸಾಲದೆ ಕೈ ಚಾಚಿದರು. ಹತ್ತಿರವಿದ್ದವನು ನಾನು. ಆ ಕೈ ಹಿಡಿದು ಉಳಿದರ್ಧ ಹೇಳಿದೆ.