ಇವತ್ತು ಡಿಸೆಂಬರ್ 13, ಲೂಸಿಯಾ ಹಬ್ಬ

ಸ್ವೀಡನ್‌ನಲ್ಲಿ ಇವತ್ತು ಬೆಳಕು ಹರಿಯುವ ಮೊದಲೇ ಬಿಳಿ ನಿಲುವಂಗಿ ತೊಟ್ಟ ಹುಡುಗಿಯೊಬ್ಬಳು ತಲೆಯ ಮೇಲೆ ಮೇಣದಬತ್ತಿಗಳ ಕಿರೀಟ ಇಟ್ಟುಕೊಂಡು ಹಾಡುತ್ತಾ ಬರುತ್ತಾಳೆ. (ಈಗ ಎಷ್ಟೋ ಕಡೆ ಬ್ಯಾಟರಿ ಬತ್ತಿ. ಕೂದಲು ಮುಖ್ಯ ಅಲ್ವಾ!) ಸೊಂಟಕ್ಕೆ ಕೆಂಪು ಪಟ್ಟಿ, ಅದು ಕ್ರೈಸ್ತ ಸಂತಳಾದ ಲೂಸಿಯಾ ತನ್ನ ಧರ್ಮಕ್ಕಾಗಿ ಪ್ರಾಣ ಕೊಟ್ಟದ್ದರ ಗುರುತು. ಹಿಂದೆ ಗೆಳತಿಯರು, ಚೂಪು ಟೋಪಿಯ ಹುಡುಗರು. ಆಮೇಲೆ ಕೇಸರಿ ಹಾಕಿದ ಬನ್ನು, ಕಾಫಿ.

ತಮಾಷೆ ಅಂದರೆ ಲೂಸಿಯಾ ಸ್ವೀಡನ್ನಿನವಳೇ ಅಲ್ಲ. ಇಟಲಿಯ ಸಿಸಿಲಿ ದ್ವೀಪದ ಸಿರಾಕ್ಯೂಸ್ ಊರಿನವಳು, ಸುಮಾರು 304ರಲ್ಲಿ ಸತ್ತಳು ಅಂತಾರೆ. ಅಲ್ಲಿ ಈ ದಿನ ಬ್ರೆಡ್ಡು, ಪಾಸ್ತಾ ಮುಟ್ಟದೆ ಇಡೀ ಗೋಧಿ ಬೇಯಿಸಿ, ಸಿಹಿ ಬೆರೆಸಿ ತಿನ್ನುತ್ತಾರೆ. ಹೆಚ್ಚೂಕಡಿಮೆ ನಮ್ಮ ಗೋಧಿ ಹುಗ್ಗಿಯೇ! ಬರಗಾಲದಲ್ಲಿ ಧಾನ್ಯದ ಹಡಗು ಬಂದಾಗ ಹಿಟ್ಟು ಬೀಸುವಷ್ಟೂ ತಾಳ್ಮೆ ಇಲ್ಲದೆ ಹಾಗೇ ಬೇಯಿಸಿ ತಿಂದರಂತೆ, ಅದರ ನೆನಪು.

ಸ್ವೀಡನ್ ಲುಥೆರನ್ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಥ) ನಾಡು. ಸಂತರ ಪೂಜೆಯನ್ನು ಹೆಚ್ಚೇನೂ ಇಟ್ಟುಕೊಳ್ಳದ ಅದು ಇವಳೊಬ್ಬಳನ್ನು ಯಾಕೆ ಬಿಡಲಿಲ್ಲ? ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲಿ ವರ್ಷದ ಅತಿ ಉದ್ದದ ರಾತ್ರಿ ಈ ದಿನದ ಆಸುಪಾಸಿನಲ್ಲೇ ಬರುತ್ತಿತ್ತು. ಈಗಲೂ ಈ ಹೊತ್ತಿಗೆ ಸ್ಟಾಕ್‌ಹೋಮ್‌ನಲ್ಲಿ ಮಧ್ಯಾಹ್ನ 3 ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಅಂಥ ಕತ್ತಲಲ್ಲಿ ದೀಪ ಹೊತ್ತು ಬರುವವಳನ್ನು ಯಾವ ಪಂಥದವರು ಬೇಡ ಅಂತಾರೆ ಹೇಳಿ?